ಸೀಗೆಹೊಲದ ಮಣ್ಣು

ಹೊಲ ಹೋಯ್ತು ಅಂತ ಯಾರೂ ಅಳಬಾರದು ಅನ್ನೋದು ನಮ್ಮೂರ ಮಾತು. ಅತ್ತರೆ ಅದಕ್ಕೆ ಕೊಬ್ಬು ಬರುತ್ತೆ, ಇನ್ನಷ್ಟು ದೂರ ಹೋಗುತ್ತೆ. ಹಿತ್ತಿಲ ಬಾಗಿಲು ತೆಗೆದಿಡಬೇಕು, ಮನೇಲಿ ಮಡಕೆಯಲ್ಲಿ ಇಟ್ಟಿರೋ ಅದರ ಮಣ್ಣಿಗೆ ಒಂದಿಷ್ಟು ನೀರು ಚಿಮುಕಿಸಬೇಕು, ದೀಪ ಹಚ್ಚೋ ಹೊತ್ತಿಗೆ ಹೊರಗೆ ನಿಂತು ಹೆಸರು ಹಿಡಿದು ಕರೀಬೇಕು. ಬರುತ್ತೆ. ಮೇಯೋಕೆ ಹೋದ ಎಮ್ಮೆ ಬರಲ್ವಾ, ಹಂಗೇ. ನಮ್ಮಜ್ಜಿ ಕಾಲದಲ್ಲಿ ಮೂಲೆಹೊಲ ಅಂತ ಒಂದಿತ್ತಂತೆ. ಯುಗಾದಿಗೆ ಹೋದದ್ದು ಮುಂದಿನ ಯುಗಾದಿಗೆ ಬಂತಂತೆ, ಬರುವಾಗ ಬದುವಿನ ತುಂಬ ಯಾವುದೋ ಸೀಮೆಯ ನೀಲಿ ಹೂ ಮುಡ್ಕೊಂಡು ಬಂತಂತೆ. ಅಜ್ಜಿ ಅದಕ್ಕೂ ಬೈದಳಂತೆ.

ನನ್ನ ಹೆಸರು ಹುಚ್ಚಮ್ಮ. ಊರ ಬಾಗಿಲಲ್ಲಿ ಹಿಟ್ಟಿನ ಮಿಷನ್ನು ಇಟ್ಕೊಂಡಿದ್ದೀನಿ. ನನಗೆ ಹೊಲ ಇಲ್ಲ; ಇದ್ದಿದ್ದರೆ ನನ್ನ ಬಾಯಿಗೆ ಹೆದರಿ ಎಂದೋ ಓಡಿಹೋಗಿರೋದು ಅಂತಾರೆ ಜನ. ಅನ್ನಲಿ. ಊರಿಗೆಲ್ಲ ಹಿಟ್ಟು ಮಾಡಿಕೊಡೋಳು ನಾನು, ರಾಗಿ ಜೋಳದ ಜೊತೆ ಎಲ್ಲರ ಮನೆ ಸುದ್ದಿನೂ ನನ್ನ ಮಿಷನ್ನಿಗೇ ಬೀಳೋದು. ಅದಕ್ಕೇ ನಿಂಗಾಜಮ್ಮನ ಕಥೆ ಹೇಳೋಕೆ ನನಗಿಂತ ಸರಿಯಾದೋರು ಇಲ್ಲ. ಅವಳ ಮನೆ ನನ್ನ ಮಿಷನ್ನಿನ ಬೆನ್ನಿಗೇ ಇದೆ. ಅವಳು ಒಗ್ಗರಣೆ ಹಾಕಿದ್ರೆ ನಾನಿಲ್ಲಿ ಸೀನ್ತೀನಿ, ಅಷ್ಟು ಹತ್ರ.

ನಿಂಗಾಜಮ್ಮನಿಗೆ ಇರೋದು ಒಂದೇ ಹೊಲ. ಮೂಲೇಲಿ ಒಂದು ಸೀಗೆ ಪೊದೆ ಇದ್ದದ್ದಕ್ಕೆ ಸೀಗೆಹೊಲ ಅಂತ ಹೆಸರು. ಗಂಡ ಬಿಳಿಗಿರಿ. ಒಳ್ಳೆ ಆಳು, ದುಡಿಮೆಗಾರ, ಆದರೆ ಮುನಿಸು ಮೂಗಿನ ತುದೀಲೇ. ಸಾರಿಗೆ ಉಪ್ಪು ಕಮ್ಮಿ ಆದ್ರೆ ಬೈಯಲ್ಲ, ಹೊಡೆಯಲ್ಲ, ಎದ್ದು ಹೋಗಿ ಹೊಲದ ಅಟ್ಟಣೆ ಮೇಲೆ ಕೂತುಬಿಡ್ತಾನೆ. ಇವಳು ಹಿತ್ತಿಲಲ್ಲಿ ನಿಂತು "ಬನ್ನೀ…" ಅಂತ ರಾಗ ಎಳೀಬೇಕು, ಆಮೇಲೆ ಅವನು ಬರಬೇಕು. ನಮ್ಮೂರಲ್ಲಿ ಯಾವ ಹೆಂಗಸೂ ಗಂಡನ ಹೆಸರು ಹೇಳಲ್ಲ, ನಿಜ. ಆದರೆ ನಿಂಗಾಜಿದು ಅತಿ. ಬಿಳಿಜೋಳ ಬೀಸೋಕೆ ತಂದ್ರೂ "ಕೆಂಪಲ್ಲದ ಜೋಳ ತಂದಿದ್ದೀನಿ ಹುಚ್ಚಕ್ಕ" ಅನ್ನೋಳು. "ಬಿಳಿ ಅಂದ್ರೆ ನಿನ್ನ ಹಲ್ಲು ಉದುರುತ್ತಾ?" ಅಂತ ನಾನು ರೇಗಿದ್ರೆ ಸೆರಗು ಬಾಯಿಗಿಟ್ಕೊಂಡು ನಗೋಳು.

ಹೊಲಗಳು ಹೋಗೋದು ಸಾಮಾನ್ಯವಾಗಿ ಸುಗ್ಗಿ ಮುಗಿದ ಮೇಲೆ. ಬೆಳೆ ಮನೆಗೆ ಬಂದಿರುತ್ತೆ, ಅದಕ್ಕೂ ಬೇಜಾರು, ಒಂದು ಸುತ್ತು ಹೋಗಿ ಬರಲಿ ಅಂತ ನಾವೂ ತಲೆ ಕೆಡಿಸ್ಕೊಳ್ಳಲ್ಲ. ಆ ವರ್ಷ ಮಾತ್ರ ಏನು ಬಂತೋ ಅವಕ್ಕೆ, ಜೋಳ ಹಾಲುಗಾಳಾಗಿದೆ, ಅವರೆ ಹೂ ಬಿಟ್ಟಿದೆ, ಆಗಲೇ ಒಂದರ ಹಿಂದೆ ಒಂದು ಹೊರಟವು. ಬೆಳಿಗ್ಗೆ ಎದ್ದು ನೋಡಿದ್ರೆ ಆಚೆ ಬದು ಈಚೆ ಬದು ಕೂಡ್ಕೊಂಡು ಬಿಟ್ಟಿರೋವು, ನಡುವೆ ಹೊಲ ಇತ್ತು ಅನ್ನೋ ಗುರುತೇ ಇಲ್ಲ. ಪಂಚಾಯ್ತಿ ಮೆಂಬರ್ ಲಕ್ಕಪ್ಪ ಚೊಂಬು ಹಿಡ್ಕೊಂಡು ಬಯಲಿಗೆ ಹೋದೋನು, ಅವನ ಮೂರು ಹೊಲಾನೂ ಒಟ್ಟಿಗೆ ಹೋಗಿದ್ದು ಕಂಡು, ಹೋದ ಕೆಲಸ ಮರೆತು ವಾಪಸ್ ಬಂದ. ಊರ ಅರ್ಧ ಹೊಲ ಖಾಲಿ. ಯಾರೂ ಅಳಲಿಲ್ಲ, ಅಳೋ ಹಂಗಿರಲಿಲ್ಲವಲ್ಲ. ಹಿತ್ತಿಲ ಬಾಗಿಲುಗಳು ತೆಗೆದೇ ಇದ್ದವು, ಊರ ನಾಯಿಗಳಿಗೆಲ್ಲ ಹಬ್ಬ.

ಸೀಗೆಹೊಲ ಹೋದದ್ದು ಹಾಡಹಗಲಲ್ಲೇ. ಬಿಳಿಗಿರಿ ಅಟ್ಟಣೆ ಮೇಲೆ ಕೂತು ಕವಣೆ ಬೀಸಿ ಗಿಳಿ ಓಡಿಸ್ತಿದ್ದ. ನಿಂಗಾಜಿ ಬುತ್ತಿ ತಗೊಂಡು ಹೋಗೋ ಹೊತ್ತಿಗೆ ಹೊಲದ ಬಾಲ ಕಾರೆಪೊದೆ ದಾಟ್ತಾ ಇತ್ತಂತೆ. ಹೊಲದ ಬೆನ್ನು ಹತ್ತಬಾರದು, ಹತ್ತಿದ್ರೆ ಅದು ಇನ್ನೂ ಮುಂದೆ ಹೋಗುತ್ತೆ. ಇವಳು ನಿಂತಲ್ಲೇ ನಿಂತಳು. ಅವನು ಅಟ್ಟಣೆ ಮೇಲೆ ಎದ್ದು ನಿಂತು ಕೆಂಪು ಟವೆಲ್ ಬೀಸಿದ. ಬೆಳೆ ಬಿಟ್ಟು ಇಳಿದು ಬರೋ ಜಾಯಮಾನ ಅವನದಲ್ಲ.

"ಟವೆಲ್ ಬೀಸಿದ್ರು ಹುಚ್ಚಕ್ಕ," ಅಂದಳು ಸಂಜೆ ನನ್ನ ಮಿಷನ್ನಿನ ಜಗಲಿ ಮೇಲೆ ಕೂತು. "ಕಾಯ್ತಿರು ಅಂತಲೋ, ಮನೇಗೋಗು ಅಂತಲೋ, ಒಂದೂ ಗೊತ್ತಾಗಲಿಲ್ಲ." ಬುತ್ತಿ ಗಂಟು ಹಂಗೇ ಮಡಿಲಲ್ಲಿತ್ತು.

"ಬರ್ತಾನೆ ಬಿಡು," ಅಂದೆ. ಹೊಲದ ಮೇಲೆ ಆಳು ಹೋಗೋದು ಹೊಸದೇನಲ್ಲ. ಮೇಲೆ ಆಳಿದ್ದರೆ ಹೊಲ ಅವನ ಮನಸ್ಸು ನೋಡಿ ನಡೆಯುತ್ತೆ, ಎತ್ತಿನ ಗಾಡಿ ಹಂಗೆ. ಹೋಗೋದು ಹೊಲದ ಇಷ್ಟ, ಬರೋದು ಇಬ್ಬರ ಇಷ್ಟ. ಅಂದಿನಿಂದ ದಿನಾ ಸಂಜೆ ಅವಳು ಹಿತ್ತಿಲಲ್ಲಿ ನಿಂತು "ಸೀಗೆಹೊಲಾ… ಬಾರೋ…" ಅಂತ ಕರೆಯೋಳು. ಹೊಲದ ಹೆಸರಷ್ಟೇ. ಆ ಹೊತ್ತಿಗೆ ನಾನು ಮಿಷನ್ನು ನಿಲ್ಲಿಸ್ತಿದ್ದೆ, ಸದ್ದಿಗೆ ಅವಳ ದನಿ ಮುಳುಗಬಾರದು ಅಂತ.

ಸರ್ಕಾರ ತುರ್ತು ಪರಿಹಾರ ಘೋಷಿಸಿತು. ಬೆಳೆ ಸಮೇತ ಹೊಲ ಹೋದವರಿಗೆಲ್ಲ ದುಡ್ಡು. ಪರಿಹಾರದ ಸಾಹೇಬರು ಜೀಪಲ್ಲಿ ಬಂದು ನನ್ನ ಮಿಷನ್ನಿನ ಮುಂದಿನ ಹೊಂಗೆ ನೆರಳಲ್ಲಿ ಮೇಜು ಹಾಕಿಸಿದ್ರು. ಇಮ್ತಿಯಾಜ್ ಸಾಹೇಬರು ಅಂತ, ದೂರದ ಊರೋರು, ಮೆತ್ತನೆ ಮಾತು, ಹೊಟ್ಟೇಲಿ ಉರಿ ಇದ್ದದ್ದಕ್ಕೆ ಗಂಟೆಗೊಂದು ಸಲ ಮಜ್ಜಿಗೆ ಬೇಕು. ಮಜ್ಜಿಗೆ ನಾನೇ ಕೊಡ್ತಿದ್ದೆ. ಮೊದಲು ಹೋಗಿ ಜಾಗ ನೋಡಿದ್ರು. ಕೂಡಿಕೊಂಡ ಬದುಗಳ ಮುಂದೆ ನಿಂತು ತಲೆ ಕೆರಕೊಂಡ್ರು.

"ಇಲ್ಲಿ ಹೊಲ ಇತ್ತು ಅಂತೀರಿ. ಜಾಗವೇ ಇಲ್ಲವಲ್ಲ?"

"ಹೊಲ ಹೋದ ಮೇಲೆ ಜಾಗ ಎಲ್ಲಿರುತ್ತೆ ಸ್ವಾಮಿ?" ಅಂದ ಲಕ್ಕಪ್ಪ. "ಅದನ್ನೂ ತಗೊಂಡೇ ಹೋಗೋದು."

ಸಾಹೇಬರು ಒಂದು ಗುಟುಕು ಮಜ್ಜಿಗೆ ಕುಡಿದು ಯೋಚನೆ ಮಾಡಿದ್ರು. "ಮನೇಲಿ ಹೊಲದ ಮಣ್ಣು ಇಟ್ಕೊಂಡಿರ್ತೀರಂತೆ. ಒಂದೊಂದು ಚಿಟಿಕೆ ಕೊಡಿ. ಹೊಲ ಇದ್ದದ್ದಕ್ಕೆ ಅದೇ ಸಾಕ್ಷಿ. ನೋಡಿ ವಾಪಸ್ ಕೊಡ್ತೀವಿ."

ಚಿಟಿಕೆ ಅಂದದ್ದೇ ತಡ, ಹೊಂಗೆ ಕೆಳಗಿದ್ದೋರೆಲ್ಲ ಒಂದು ಹೆಜ್ಜೆ ಹಿಂದೆ ಸರಿದ್ರು. ಸಾಹೇಬರಿಗೆ ಪಾಪ ಏನು ಗೊತ್ತು. ನಮ್ಮಲ್ಲಿ ಮಡಕೆ ಮಣ್ಣು ಹಂಚೋದು ಅಣ್ಣತಮ್ಮಂದಿರು ಪಾಲಾಗೋ ದಿನ ಮಾತ್ರ. ಒಂದು ಚಿಟಿಕೆ ಯಾರಿಗೆ ಕೊಟ್ಟರೂ ಅವನು ಹೊಲಕ್ಕೆ ಭಾಗಸ್ಥ. "ಸರ್ಕಾರ ಏನು ನಮ್ಮ ದಾಯಾದಿನಾ, ಪಾಲು ಕೊಡೋಕೆ?" ಅಂದ ಲಕ್ಕಪ್ಪ. "ಬೇಕಾದ್ರೆ ಮಡಕೆ ಸಮೇತ ಪೂರ್ತಿ ತಗೊಂಡು ಹೋಗ್ಲಿ, ಪೂರ್ತಿ ವಾಪಸ್ ಕೊಡ್ಲಿ. ಅದು ಮರ್ಯಾದೆ." ಎಲ್ಲರಿಗೂ ಸರಿ ಅನ್ನಿಸಿತು. "ಲೋ, ಮಣ್ಣು ಇದ್ದ ಕಡೆಗೇ ಹೊಲ ಬರೋದು, ಅಲ್ಲಿಗೇ ಹೋಗಿ ಕೂತ್ರೆ?" ಅಂತ ನಾನು ಬಾಯಿ ಹರ್ಕೊಂಡೆ. "ಹೊಲ ಬರೋದ್ರೊಳಗೆ ಮಡಕೆ ಬಂದಿರುತ್ತೆ ಸುಮ್ಕಿರು ಹುಚ್ಚಕ್ಕ, ಸಾಹೇಬರೇ ಹೇಳವ್ರೆ" ಅಂದ್ರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಸಾಹೇಬರು ಬೇಡ ಬೇಡ ಅಂತಿದ್ದಂಗೇ ಮೇಜಿನ ಸುತ್ತ ಮಡಕೆಗಳು ಬಂದು ಕೂತವು. ಒಂದೊಂದರ ಮೇಲೂ ಸುಣ್ಣದಲ್ಲಿ ಹೊಲದ ಹೆಸರು.

ನಿಂಗಾಜಿ ಸರದಿ ಬಂತು. ಕೈ ಬೀಸ್ಕೊಂಡು ಬಂದು ನಿಂತಳು.

"ಯಜಮಾನರ ಹೆಸರು?" ಅಂದ್ರು ಸಾಹೇಬರು.

ಇವಳು ಮೊದಲು ನನ್ನ ಮಿಷನ್ನಿನ ಸುಣ್ಣ ಬಳಿದ ಗೋಡೆ ತೋರಿಸಿದಳು. ಆಮೇಲೆ ದೂರದ ಗುಡ್ಡ ತೋರಿಸಿದಳು. ಸಾಹೇಬರು ಗೋಡೆ ನೋಡಿದ್ರು, ಗುಡ್ಡ ನೋಡಿದ್ರು, ನನ್ನನ್ನು ನೋಡಿದ್ರು.

"ಬಿಳಿಗಿರಿ ಅಂತ ಬರ್ಕೊಳ್ಳಿ ಸ್ವಾಮಿ," ಅಂದೆ. "ಇವಳು ಸತ್ರೂ ಹೇಳಲ್ಲ."

ಬರ್ಕೊಂಡ್ರು. ಅವನೂ ಹೊಲದ ಜೊತೆ ಹೋಗಿದ್ದಾನೆ ಅಂತ ಗೊತ್ತಾದಾಗ ಪೆನ್ನು ಕೆಳಗಿಟ್ರು. ಮನುಷ್ಯರು ಹೋಗಿದ್ದರೆ ಬೇರೆ ಪರಿಹಾರ ಇದೆ, ಹೊಲದ್ದಕ್ಕಿಂತ ದೊಡ್ಡ ಮೊತ್ತ, ಹೋದರು ಅಂತ ಹೆಬ್ಬೆಟ್ಟು ಒತ್ತಿದ್ರೆ ಸಾಕು ಅಂತ ತಗ್ಗಿದ ದನಿಯಲ್ಲಿ ಹೇಳಿದ್ರು. ನಿಂಗಾಜಿ ಮುಖ ಕೆಂಡ ಆಯ್ತು.

"ಹೊಲ ಹೋಗೈತೆ ಅಂತ ಬರ್ಕೊಳ್ಳಿ ಸ್ವಾಮಿ. ಅವರು ಹೋಗಿಲ್ಲ. ಹೊಲದ ಜೊತೆಗವ್ರೆ, ಅಷ್ಟೆಯ."

"ಸರಿಯಮ್ಮ, ತಪ್ಪಾಯ್ತು. ಹೊಲದ್ದೇ ಬರೀತೀನಿ. ಮಣ್ಣು?"

"ಮಣ್ಣು ಕೊಡಲ್ಲ. ನಿಮ್ಮ ದುಡ್ಡೂ ಬ್ಯಾಡ."

ಹಂಗಂದು ಮನೆಗೆ ಹೋಗಿಬಿಟ್ಟಳು. ಸಾಹೇಬರು ಅವಳು ಹೋದ ಕಡೆನೇ ನೋಡ್ತಾ, ಹೊಟ್ಟೆ ಸವರಿಕೊಳ್ತಾ, ಒಂದು ಕೆಟ್ಟ ಸುದ್ದಿ ಹೇಳಿದ್ರು. ಊರಿನ ಹೊಲಗಳೆಲ್ಲ ಒಂದೇ ಕಡತ. ಒಂದು ಹೊಲದ್ದು ಬಾಕಿ ಇದ್ದರೂ ಯಾರಿಗೂ ದುಡ್ಡು ಬಿಡೋ ಹಂಗಿಲ್ಲ. "ಆದೇಶ ನಾನು ಮಾಡಿದ್ದಲ್ಲ," ಅಂದ್ರು. ಅವರ ಮುಖ ನೋಡಿದ್ರೆ ಹೊಟ್ಟೆ ಉರಿ ಅವತ್ತು ಜಾಸ್ತಿ ಆದಂಗಿತ್ತು.

ಮಾರನೇ ದಿನದಿಂದ ಜನ ನಿಂಗಾಜಿ ಅಂಗಳಕ್ಕೆ ಬಂದು ಕೂರೋಕೆ ಶುರು ಮಾಡಿದ್ರು. ಕೊಡು ಅಂತ ಒಬ್ಬರೂ ಕೇಳಲಿಲ್ಲ, ಅದೇ ಕಷ್ಟ. ಒಬ್ಬಳು ಸೋರೆಕಾಯಿ ತಂದಿಟ್ಟು ಕೂತಳು. ಇನ್ನೊಬ್ಬ ಅವಳ ಕೊಟ್ಟಿಗೆಯ ಮುರಿದ ಗೊಂತು ಸರಿಮಾಡಿದ. ತನ್ನ ಮನೇಲಿ ಕಡ್ಡಿ ಎತ್ತಿ ಆಕಡೆ ಇಡದ ಲಕ್ಕಪ್ಪ ಕೊಡಲಿ ತಗೊಂಡು ಅವಳಿಗೆ ಸೌದೆ ಒಡೆದ. ಒಡೆದು, ಬೆವರು ಒರೆಸ್ಕೊಂಡು, ತುಟಿ ಪಿಟಕ್ ಅನ್ನದೆ ಮನೆಗೆ ಹೋದ. ಅವನ ಎತ್ತುಗಳ ಪಕ್ಕೆಲುಬು ಎದ್ದು ಕಾಣ್ತಿದ್ದವು ಆಗ, ಮೇವಿಲ್ಲದೆ. ಎಷ್ಟೋ ಮನೇಲಿ ಒಲೆ ಒಂದೇ ಹೊತ್ತು ಹತ್ತುತ್ತಿತ್ತು. ನನ್ನ ಮಿಷನ್ನಿಗೆ ಬರೋ ಕಾಳಿನ ಪುಟ್ಟಿಗಳು ಸಣ್ಣವಾಗ್ತಾ ಬಂದವು. ನನಗಿಂತ ಚೆನ್ನಾಗಿ ಅದು ಇನ್ಯಾರಿಗೆ ತಿಳಿಯುತ್ತೆ?

"ಬೈದಿದ್ರೆ ತಡ್ಕೊಬೌದಿತ್ತು ಹುಚ್ಚಕ್ಕ," ಅಂದಳು ನಿಂಗಾಜಿ. ಮಡಕೆ ಮುಂದಿಟ್ಕೊಂಡು ಕೂತಿದ್ದಳು. "ಈ ಸೋರೆಕಾಯಿ ತಡ್ಕೊಳಕಾಗಲ್ಲ. ಮಣ್ಣು ಕಚೇರಿಗೋದ್ರೆ ಹೊಲ ಅಲ್ಲಿಗೇ ಹೋಯ್ತದೆ. ಅವರು ಬಂದು ಯಾವುದೋ ಕಚೇರಿ ಬಾಗಿಲಲ್ಲಿ ನಿಂತ್ರೆ? ಮನೇಲಿ ನನ್ನನ್ನ ಬ್ಯಾಡ ಅಂದ್ರು ಅನ್ಕೊಳಲ್ವಾ? ನಿಂಗೇ ಗೊತ್ತಲ್ಲ ಅವರ ಮುನಿಸು."

ಆಮೇಲೆ ಅವಳೇ ಎದ್ದಳು. ಮಡಕೆ ಸೊಂಟಕ್ಕಿಟ್ಕೊಂಡು ಸೀದಾ ಸಾಹೇಬರ ಮುಂದೆ ಹೋಗಿ ನಿಂತಳು.

"ತಗೊಳ್ಳಿ. ಆದ್ರೆ ಒಂದು ಮಾತು. ಮಣ್ಣು ನಿಮ್ಮತ್ರ ಇರೋವರ್ಗೂ ದಿನಾ ಸಂಜೆ ನೀವೇ ನಿಂತು ಕರೀಬೇಕು. ಸೀಗೆಹೊಲ ಅಂತ. ಹಿಂದಿನ ಬಾಗಿಲು ತೆಗೆದಿಡಬೇಕು."

"ಆಗಲಿ ತಾಯಿ," ಅಂದ್ರು ಸಾಹೇಬರು. ಹೆಂಗಸಿನ ಸಮಾಧಾನಕ್ಕೆ ಅಂದ್ರು ಅನ್ಕೊಂಡೆ ನಾನು. ಎಷ್ಟು ಜನ ಅಧಿಕಾರಿಗಳು ಎಷ್ಟು 'ಆಗಲಿ' ಅಂದಿಲ್ಲ.

ಆ ಮನುಷ್ಯ ಮಾತು ಉಳಿಸ್ಕೊಂಡ್ರು ನೋಡಿ. ಕಚೇರಿ ಇರೋ ಊರಿಗೆ ಬಸ್ಸಲ್ಲಿ ಹೋಗಿ ಬಂದವರೆಲ್ಲ ಹೇಳ್ತಿದ್ರು: ಸಾಹೇಬರು ದಿನಾ ಸಂಜೆ ಕಚೇರಿ ಹಿಂದಿನ ಮೆಟ್ಟಿಲ ಮೇಲೆ ನಿಂತು, ಕೈ ಮುಗಿದು, "ಸೀಗೆಹೊಲವೇ, ದಯವಿಟ್ಟು ಬರಬೇಕು" ಅಂತ ಕರೀತಾರಂತೆ. ಒಂದನ್ನೇ ಕರೆದ್ರೆ ಉಳಿದವಕ್ಕೆ ಬೇಜಾರಾದೀತು ಅಂತ ಎಲ್ಲ ಮಡಕೆಗಳ ಹೆಸರೂ ಓದ್ತಾರಂತೆ. ಗುಮಾಸ್ತರೆಲ್ಲ ಮೊದಮೊದಲು ಮುಸಿಮುಸಿ ನಕ್ಕರಂತೆ.

ದುಡ್ಡೇನೋ ಬೇಗ ಬಂತು. ಬಂದಷ್ಟೇ ಬೇಗ ಮೇವಾಯ್ತು, ಬೀಜ ಆಯ್ತು, ಸೋರೋ ಸೂರಿಗೆ ತಗಡಾಯ್ತು. ಲಕ್ಕಪ್ಪನ ಎತ್ತುಗಳಿಗೆ ಮತ್ತೆ ಮೈ ಬಂತು. ನಿಂಗಾಜಿ ಅತ್ತೆಯ ಕಣ್ಣಿನ ಪೊರೆ ತೆಗೆಸಿದಳು. ಮುದುಕಿ ಕಣ್ಣು ಬಂದ ದಿನದಿಂದ ಜಗಲಿ ಬಿಟ್ಟು ಏಳಲಿಲ್ಲ, ಮಗ ಬರೋ ದಾರೀನೇ ನೋಡ್ತಾ ಕೂತಳು. ಸರ್ಕಾರದ ಪರಿಹಾರ ಅಂದ್ರೆ ಮೂಗು ಮುರಿಯೋಳು ನಾನು. ಆದ್ರೆ ಇದ್ದದ್ದು ಇದ್ದಂಗೆ ಹೇಳಬೇಕು, ಆ ದುಡ್ಡು ಬರದಿದ್ರೆ ಆ ವರ್ಷ ನಮ್ಮೂರು ಉಳೀತಿರಲಿಲ್ಲ.

ಮಡಕೆಗಳು ಮಾತ್ರ ವಾಪಸ್ ಬರಲಿಲ್ಲ. ಇವತ್ತು ನಾಳೆ ಅಂತಿದ್ದಂಗೇ ಒಂದು ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಬಂದು ಕೂಗಿದ: "ನಿಮ್ಮೂರ ಹೊಲಗಳು ಕಚೇರಿ ಮುಂದೆ ಬಂದು ಬಿದ್ದವೆ! ಜೀಪು ಈಚೆ ತೆಗೆಯೋಕೆ ಜಾಗ ಇಲ್ಲ!" ನಾನು ಅಂದಿರಲಿಲ್ವಾ? ಯಾರೂ ಆ ಮಾತು ಎತ್ತಲಿಲ್ಲ, ನಾನೂ ಬಿಡಲಿಲ್ಲ, ಬಸ್ಸಲ್ಲಿ ಹೋಗೋವಷ್ಟು ದಾರೀನೂ ಅಂದೆ. ಹೋಗಿ ನೋಡಿದ್ರೆ ಲಕ್ಕಪ್ಪನ ಹುರುಳಿ ಹೊಲ ಕಚೇರಿ ಗೇಟಿಗೆ ಅಡ್ಡ ಮಲಗಿದೆ. ಇನ್ನೊಂದು ಹೊಲ ಬಾವುಟದ ಕಂಬ ಬಳಸಿಕೊಂಡು ನಿಂತಿದೆ, ಅವರೆ ಬಳ್ಳಿ ಆಗಲೇ ಕಂಬಕ್ಕೆ ಹಬ್ಬಿದೆ. ಇಮ್ತಿಯಾಜ್ ಸಾಹೇಬರು ಪ್ಯಾಂಟು ಮಡಚಿ, ಬಿಂದಿಗೆ ಹಿಡಿದು, ಬಂದ ಹೊಲಗಳ ಮೂಲೆಗೆಲ್ಲ ನೀರು ಹೊಯ್ತಾ ಇದ್ರು. "ಮನೆಗೆ ಬಂದ ಹೊಲಕ್ಕೆ ಮೊದಲು ನೀರು ಕೊಡಬೇಕಂತಲ್ಲ ಹುಚ್ಚಮ್ಮನವರೇ?" ಅಂದ್ರು ನನ್ನ ಕಂಡು. ಆವತ್ತಿನಿಂದ ಅವರ ಮೇಲೆ ನಾನು ಒಂದು ಮಾತೂ ಆಡಿಲ್ಲ.

ಕೊಟ್ಟ ದುಡ್ಡು ವಾಪಸ್ ಕಟ್ಟಬೇಕಾ ಅಂತ ಲಕ್ಕಪ್ಪ ಕೇಳಿದ. "ಹೊಲ ಹೋದದ್ದಕ್ಕೆ ಪರಿಹಾರ ಕೊಡಿ ಅಂತ ಆದೇಶ ಇದೆ," ಅಂದ್ರು ಸಾಹೇಬರು. "ಬಂದದ್ದಕ್ಕೆ ಕಿತ್ಕೊಳ್ಳಿ ಅಂತ ಎಲ್ಲೂ ಇಲ್ಲ. ಇದ್ದರೆ ಆ ಪುಟ ನಾನು ಓದಿಲ್ಲ." ಹೊಲ ಬಂದವರಿಗೆಲ್ಲ ಅವರವರ ಮಡಕೆ ಕೊಟ್ರು. ಜನ ಮಡಕೆ ತಲೆ ಮೇಲಿಟ್ಕೊಂಡು ನಡೆದು ಹೊರಟ್ರು, ಹಿಂದೆ ಹೊಲಗಳು ಕರುಗಳ ಹಂಗೆ ಹೊರಟವು. ಆ ದಿನ ಬಸ್ಸುಗಳೆಲ್ಲ ತಡ.

ಒಂದು ಮಡಕೆ ಉಳೀತು. ಸೀಗೆಹೊಲದ್ದು.

ವಾರ ಕಳೀತು, ಇನ್ನೊಂದು ವಾರ ಕಳೀತು. ಆಮೇಲೆ ಸಾಹೇಬರೇ ಹೇಳಿಕಳಿಸಿದ್ರು: ಹೊಲ ಬಾರದ ಮಡಕೆ ರಾಜಧಾನಿಗೆ ಕಳಿಸಬೇಕು ಅಂತ ಮೇಲಿನಿಂದ ಹುಕುಂ, ನಾಳೆ ಬೆಳಿಗ್ಗೆ ಲಾರಿ ಬರುತ್ತೆ, ಒಂದು ಸಲ ಬಂದು ಹೋಗಿ. ರಾಜಧಾನಿ ಅಂದ್ರೆ ಯಾವ ದಿಕ್ಕಲ್ಲಿದೆ ಅಂತಲೇ ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿಗೆ ಹೋದ ಮಣ್ಣಿನ ಹಿಂದೆ ಹೋದ ಹೊಲ ತಿರುಗಿ ಬರುತ್ತಾ? ನಿಂಗಾಜಿ ಒಳಗೆ ಹೋಗಿ ರೊಟ್ಟಿ ತಟ್ಟಿ ಬುತ್ತಿ ಕಟ್ಟಿದಳು. ನಾನು ಮಿಷನ್ನಿಗೆ ಬೀಗ ಹಾಕಿದೆ. ಲಕ್ಕಪ್ಪ, ಸೋರೆಕಾಯಿಯೋಳು, ಗೊಂತು ಸರಿಮಾಡಿದೋನು, ಎಲ್ಲರೂ ಬಸ್ಸು ಹತ್ತಿದ್ರು. ಕರೀದಿದ್ರೂ ಬಂದ್ರು.

ನಾವು ಹೋಗೋ ಹೊತ್ತಿಗೆ ಬಿಸಿಲು ಇಳಿದಿತ್ತು. ಸಾಹೇಬರು ಹಿಂದಿನ ಮೆಟ್ಟಿಲ ಮೇಲೆ ನಿಂತಿದ್ರು. "ಅಲ್ಲಿ ನೋಡಿ," ಅಂತ ಕಚೇರಿ ಹಿಂದಿನ ದಿಣ್ಣೆ ತೋರಿಸಿದ್ರು. ದಿಣ್ಣೆ ಮೇಲೆ ಒಂದು ಹೊಲ. ಮೂಲೇಲಿ ಪೊದೆ, ನಡುವೆ ಅಟ್ಟಣೆ, ಅಟ್ಟಣೆ ಮೇಲೆ ಕೆಂಪನೆ ಒಂದು ಚುಕ್ಕಿ.

"ಎಷ್ಟು ದಿನದಿಂದ ಐತೆ?" ಅಂತ ಕೇಳಿದೆ.

"ನಿನ್ನೆ ಕಣ್ಣಿಗೆ ಬಿತ್ತು. ಹತ್ತಿರ ಹೋದರೆ ಹಿಂದೆ ಸರಿಯುತ್ತೆ. ಕರೆದರೆ ಅಲ್ಲಾಡಲ್ಲ. ನಾನು ಎಷ್ಟು ಮರ್ಯಾದೆ ಕೊಟ್ಟು ಕರೆದೆ ಗೊತ್ತಾ?"

ಗಾಳಿ ಈಕಡೆ ತಿರುಗಿದಾಗ ದಿಣ್ಣೆ ಮೇಲಿಂದ "ಹೋ… ಹೋ…" ಅಂತ ಗಿಳಿ ಓಡಿಸೋ ಸದ್ದು ಕೇಳಿಸ್ತು. ಅವನದೇ ದನಿ. ಜೀವಂತ ಇದ್ದಾನೆ! ನಿಂಗಾಜಿ ಮೆಟ್ಟಿಲ ಮೇಲೆ ಓಡಿ ಹತ್ತಿ "ಸೀಗೆಹೊಲಾ… ಬಾರೋ…" ಅಂತ ಕರೆದಳು. ಊರಲ್ಲಿ ಕರೆದಂಗೇ ಕರೆದಳು. ಹೊಲ ಒಂದು ಸಲ ಮೈ ಕೊಡವಿದಂಗಾಯ್ತು. ಅಷ್ಟೇ, ಮತ್ತೆ ನಿಂತುಬಿಡ್ತು. ಹೊಲಕ್ಕೇನೋ ಬರೋ ಮನಸ್ಸಿದೆ, ಮೇಲೆ ಕೂತೋನಿಗೆ ಇಲ್ಲ ಅಂತ ನಮಗೆಲ್ಲ ಅರ್ಥ ಆಯ್ತು.

"ಮುನಿಸ್ಕೊಂಡವ್ರೆ," ಅಂದಳು ನಿಂಗಾಜಿ. ಕಣ್ಣೀರು ಬಂದುಬಿಟ್ಟಿತು ಅವಳಿಗೆ, ಅಳಬಾರದು ಅಂತ ಕಚ್ಚಿ ಹಿಡಿದದ್ದೆಲ್ಲ.

ನನಗೆ ತಡೀಲಿಲ್ಲ. ಲಾರಿ ಬೆಳಿಗ್ಗೆ ಬರುತ್ತೆ, ಇವನು ಮುನಿಸ್ಕೊಂಡು ಕೂತವ್ನೆ! "ಲೋ ಬಿಳಿಗಿರೀ!" ಅಂತ ಕಿರುಚಿದೆ. "ಇಳಿದು ಬಾರೋ ಮೂದೇವಿ!" ಏನೂ ಇಲ್ಲ. ಲಕ್ಕಪ್ಪ ಕರೆದ. ಎಲ್ಲರೂ ಸೇರಿ ಕರೆದ್ರು. ಸಾಹೇಬರೂ, ಗುಮಾಸ್ತರೂ, ಕಚೇರಿಗೆ ಯಾವುದೋ ಕೆಲಸಕ್ಕೆ ಬಂದ ಯಾರ್ಯಾರೋ, ಎಲ್ಲ "ಬಿಳಿಗಿರೀ" ಅಂತ ಕೂಗಿದ್ರು. ಅಟ್ಟಣೆ ಮೇಲಿನ ಕೆಂಪು ಚುಕ್ಕಿ ಆಕಡೆಗೆ ತಿರುಗಿ ಕೂತಿತು.

ಆಗ ನಿಂಗಾಜಿ ಬುತ್ತಿ ಗಂಟು ನನ್ನ ಕೈಗೆ ಕೊಟ್ಟಳು. ಮೂಗು ಒರೆಸ್ಕೊಂಡಳು. ಮೆಟ್ಟಿಲು ಇಳಿದು ಹೋಗಿ ಬಯಲಲ್ಲಿ ಒಬ್ಬಳೇ ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ನಮ್ಮ ಕಡೆ ತಿರುಗಿ ನೋಡಿದಳು. "ಎಲ್ಲ ಆಕಡೆ ತಿರುಗ್ರೋ!" ಅಂತ ನಾನು ಗದರಿಸಿದೆ. ಸಾಹೇಬರು ಮೊದಲು ತಿರುಗಿದ್ರು. ಗಂಡಸರು ಹೆಂಗಸರು ಎಲ್ಲರೂ ಗೋಡೆಗೆ ಮುಖ ಮಾಡಿ ನಿಂತೆವು.

"ಬಿಳಿಗಿರೀ…"

ದೊಡ್ಡ ದನಿಯೇನಲ್ಲ. ಹೊಸದಾಗಿ ಮಾತು ಕಲಿತ ಮಗು ಹೇಳಿದಂಗಿತ್ತು. ಇಷ್ಟು ವರ್ಷ ಆ ಬಾಯಲ್ಲಿ ಆ ಹೆಸರು ಎಲ್ಲಿ ಅಡಗಿತ್ತೋ.

"ಬಿಳಿಗಿರೀ, ಬಾ…"

ಬೆನ್ನ ಹಿಂದೆ ನೆಲ ಗುಡುಗುಟ್ಟಿತು. ಜೋಳದ ಗರಿ ಸರಸರ ಅಂದವು. ಹಸಿಮಣ್ಣಿನ ವಾಸನೆ ಬಂದು ಮೂಗಿಗೆ ಬಡೀತು. ನಾನು ತಿರುಗೇಬಿಟ್ಟೆ, ಯಾರೇನಾದ್ರೂ ಅನ್ಕೊಳ್ಳಲಿ. ಸೀಗೆಹೊಲ ಕಚೇರಿ ಹಿತ್ತಿಲ ತುಂಬ ಬಂದು ನಿಂತಿತ್ತು. ತೆನೆ ಮುರಿದು ಅಟ್ಟಣೆ ಕೆಳಗೆ ಅಚ್ಚುಕಟ್ಟಾಗಿ ಒಟ್ಟಿದ್ದ. ಬದುವಿನ ಮೇಲೆಲ್ಲ ಬೆಳ್ಳನೆ ಕಪ್ಪೆಚಿಪ್ಪು. ಬಿಳಿಗಿರಿ ಅಟ್ಟಣೆ ಮೇಲೆ ಎದ್ದು ನಿಂತಿದ್ದ, ಗಡ್ಡ ಎದೆವರೆಗೂ ಬಂದಿತ್ತು.

"ಏನೇ," ಅಂದ, ಹೆಂಡತಿಯನ್ನೇ ನೋಡ್ತಾ. "ಊರೋರ ಮುಂದೆ ಹೆಸರಿಡಿದು ಕರೀತೀಯಾ?"

"ಮತ್ತೇನು ಮಾಡ್ಲಿ, ಬರಲಿಲ್ಲವಲ್ಲ ನೀವು!" ಅಂತ ಅವಳು ಅಳ್ತಾನೇ ರೇಗಿದಳು.

"ಯಾವನೋ ಗಂಡಸು ದಿನಾ ನನ್ನ ಹೊಲದ ಹೆಸರಿಡಿದು ಕರೀತಿದ್ದ, ದಯವಿಟ್ಟು ಗಿಯವಿಟ್ಟು ಅಂತ. ಮನೆಯೋರು ಹೊಲ ಮಾರ್ಕೊಂಡ್ರು ಅನ್ಕೊಂಡೆ. ಮಾರಿದ ಮೇಲೆ ನಾನ್ಯಾಕೆ ಬರಲಿ?"

"ನಾವೆಲ್ಲ ಕರೆದ್ವಲ್ಲೋ!" ಅಂದೆ.

"ಊರೆಲ್ಲ ಕರೆದ್ರೆ ಬರೋಕೆ ನಾನೇನು ಊರ ಹೋರಿನಾ ಹುಚ್ಚಕ್ಕ?" ಅಂದ. ಇಳಿದು ಬಂದು ತೆನೆ ರಾಶಿ ಪಕ್ಕ ಕೂತ. ನಿಂಗಾಜಿ ಓಡಿ ಹೋದಳು. ಸಾಹೇಬರು ಕಣ್ಣು ಒರೆಸ್ಕೊಂಡು ಬಿಂದಿಗೆ ಹುಡುಕ್ತಾ ಒಳಗೆ ಹೋದ್ರು, ಹೊಲಕ್ಕೆ ನೀರು ಕೊಡಬೇಕಿತ್ತಲ್ಲ. ಆ ಗಂಡ ಹೆಂಡ್ತಿ ಬುತ್ತಿ ಬಿಚ್ಕೊಂಡು ಉಣ್ತಾ ಕೂತ್ರು. ಹೊಲ ಯಾವುದೋ ದೊಡ್ಡ ನೀರಿನ ದಡಕ್ಕೆ ಹೋಗಿ ನಿಂತಿತ್ತಂತೆ, ಆ ನೀರಿಗೆ ಉಪ್ಪಿತ್ತಂತೆ. "ನಿನ್ನ ಸಾರಿಗಿಂತ ಜಾಸ್ತಿ" ಅಂದನಂತೆ. ಇದು ಅವಳು ಆಮೇಲೆ ಹೇಳಿದ್ದು.

ಅವನ ಹೆಸರನ್ನ ನಿಂಗಾಜಿ ಮತ್ತೆ ಯಾರ ಮುಂದೆಯೂ ಎತ್ತಿಲ್ಲ. ಈಗಲೂ ನನ್ನ ಮಿಷನ್ನಿಗೆ ಕೆಂಪಲ್ಲದ ಜೋಳವೇ ಬರೋದು. ಹೊಲ ಆ ಮೇಲೆ ಎಲ್ಲೂ ಹೋಗಿಲ್ಲ, ಸುಗ್ಗಿ ಮುಗಿದ್ರೂ ಗೂಟ ಹೊಡೆದಂಗೆ ಅಲ್ಲೇ ಇದೆ. ಬಿಳಿಗಿರಿ ಮಾತ್ರ ಈಗ ಉಪ್ಪು ಸರಿಯಿದ್ರೂ ಮುನಿಸ್ಕೊತಾನೆ. ಗಿಳಿ ಗೂಡಿಗೆ ಹೋದ್ರೂ ಅಟ್ಟಣೆ ಬಿಟ್ಟು ಇಳಿಯಲ್ಲ. ನಿಂಗಾಜಿ ಹಿತ್ತಿಲಲ್ಲಿ ನಿಂತು "ಬನ್ನೀ…" ಅಂತಾಳೆ. ಅವನು ಬರಲ್ಲ. "ರೊಟ್ಟಿ ಆರೋಯ್ತದೆ, ಬನ್ನೀ…" ಅಂತಾಳೆ. ಬರಲ್ಲ. ಅವಳು ಆಕಡೆ ನೋಡ್ತಾಳೆ, ಈಕಡೆ ನೋಡ್ತಾಳೆ, ನನ್ನ ಮಿಷನ್ನಿನ ಸದ್ದು ಜೋರಾಗಿದೆ ಅಂತ ಖಾತ್ರಿ ಮಾಡ್ಕೊತಾಳೆ. ಅದಕ್ಕೇ ನಾನೀಗ ಸಂಜೆ ಹೊತ್ತು ಮಿಷನ್ನು ನಿಲ್ಲಿಸೋದು ಬಿಟ್ಟಿದ್ದೀನಿ. ಕಾಳಿಲ್ಲದಿದ್ರೂ ಓಡಿಸ್ತೀನಿ.